ತೂತಿನ ಲೆಕ್ಕ

ಕೌಲ್ ಬಜಾರಿನ ನನ್ನ ಲೇತ್ ಶೆಡ್ಡಿಗೆ
ಏಪ್ರಿಲ್ ಕೊನೇ ವಾರ, ನಡು ಮಧ್ಯಾಹ್ನ
ತಬಸ್ಸುಮ್ ಬಂದಳು,
ಜೀನ್ಸ್ ಇಸ್ತ್ರಿಯ ಖಾಜಾಸಾಬನ ಎರಡನೇ ಮಗಳು,
ಇಂಜಿನಿಯರಿಂಗ್ ಕಾಲೇಜು, ಕೊನೇ ವರ್ಷ.
ದುಪಟ್ಟದ ತುದಿಯಲ್ಲಿ ಗಂಟು ಕಟ್ಟಿದ ನಾಲ್ಕುನೂರು ರೂಪಾಯಿ,
ಕೈಯಲ್ಲಿ ಬೆವರಿಗೆ ಒದ್ದೆಯಾದ ನಕ್ಷೆ.

"ಗಾದಿಲಿಂಗಣ್ಣ, ಅಲ್ಯೂಮಿನಿಯಂ ರೆಕ್ಕೆ ಬೇಕು.
ಒಂದು ಜೊತೆ ಗಟ್ಟಿ.
ಇನ್ನೊಂದು ಜೊತೆ, ಮೈತುಂಬ ತೂತು."

ರೆಕ್ಕೆ ನನಗೆ ಹೊಸದಲ್ಲ.
ಬೈಕಿನ ಇಂಜಿನ್ನಿಗೆ ಸುತ್ತಿಕೊಂಡ
ಹಾರದ ರೆಕ್ಕೆಗಳು,
ಟ್ರಾನ್ಸ್‌ಫಾರ್ಮರಿನ ಪಕ್ಕೆಲುಬುಗಳು.
ಮೂವತ್ತೊಂದು ವರ್ಷ ಅವುಗಳ ಸಂದಿನ ಕೆಂಧೂಳು ಕೆರೆದಿದ್ದೇನೆ.
ಒಳಗಿನ ಬೆಂಕಿ ಹೊರಗೆ ಬಂದು
ಕಾಲು ಚಾಚಿ ಕೂರಲು ಕಟ್ಟಿದ ಜಗುಲಿ ಅದು.
ಅಗಲ ಇದ್ದಷ್ಟೂ ಒಳ್ಳೇದು.
ಜಗುಲಿಗೆ ಯಾರಾದರೂ ತೂತು ಕೊರೀತಾರಾ?

"ಲೋಹ ಕಳದ್ರೆ ಕಾವು ನಡಿಯೋ ದಾರೀನೇ ಕಳೀತಲ್ಲಮ್ಮ" ಅಂದೆ.
ಆಮೇಲೆ ಜಾಣನ ಹಾಗೆ ಮೂಲೆಯ ಗಡಿಗೆ ತೋರಿಸಿದೆ:
"ಹಿಂಗಾ? ಬೆವತು ತಣ್ಣಗಾಗೋದು?"

"ಅಲ್ಲಣ್ಣ. ಗಡಿಗೆ ನೀರು ಖರ್ಚು ಮಾಡ್ತೈತೆ.
ಇದು ಏನೂ ಖರ್ಚು ಮಾಡಲ್ಲ.
ಗಾಳಿಗೆ, ಸುತ್ತಿಕೊಂಡು ಹೋಗು ಅನ್ನಲ್ಲ,
ಒಳಗೆ ಬಂದು ಹೋಗು ಅಂತೈತೆ. ಅಷ್ಟೇ."

ಮೂರು ಮಿಲಿಮೀಟರಿನ ಬಿಟ್ಟು ಹಾಕಿದೆ.
ಅಲ್ಯೂಮಿನಿಯಂ ಮೆತ್ತನೆ ಲೋಹ,
ಬಿಟ್ಟಿಗೆ ಬೆಲ್ಲದ ಪಾಕದಂತೆ ಅಂಟುತ್ತದೆ.
ಹನಿ ಸೀಮೆಎಣ್ಣೆ, ಒಂದು ತೂತು.
ಮತ್ತೆ ಹನಿ, ಮತ್ತೊಂದು.
ಬೆಳ್ಳಿ ಸುರುಳಿಗಳು ಚಪ್ಪಲಿಗೆ ಕಚ್ಚಿದವು.

ನನ್ನ ಬೆಂಚಿನ ಮೇಲೇ ಪರೀಕ್ಷೆ.
ಅಡಿಗೆ ಅವಳಪ್ಪ ಬಿಸಾಡಿದ ಇಸ್ತ್ರಿಪೆಟ್ಟಿಗೆಯ ಕಾಯಿಲು,
ಮೇಲೆ ನನ್ನ ರೆಕ್ಕೆ,
ನಡುವೆ ಎರಡು ತಂತಿಯ ಮೀಟರು.
ಫ್ಯಾನು ಬೇಡ ಅಂದಳು. ಬೇಕಂದರೂ ಆಗ ಕರೆಂಟೆಲ್ಲಿತ್ತು,
ಕಾಯಿಲಿಗೇ ಪಕ್ಕದ ಬೇಕರಿಯ ಜನರೇಟರಿನಿಂದ ವೈರು ಎಳೆದಿದ್ದೆವು.

ಗಟ್ಟಿ ರೆಕ್ಕೆಯ ಬುಡ: ತೊಂಬತ್ತೊಂದು.
ತೂತಿನದು: ಎಂಬತ್ತಮೂರು.

ಮೀಟರು ಕೆಟ್ಟಿದೆ ಅಂದೆ.
ತಂತಿ ಬದಲಿಸಿದಳು. ಎಂಬತ್ತಮೂರು.

ಆ ರಾತ್ರಿ ನನಗೆ ಆಸೆ ಹತ್ತಿತು.
ನಕ್ಷೆಯಲ್ಲಿ ಇಲ್ಲದ ಮೂರನೇ ಜೊತೆ ಮಾಡಿದೆ.
ತೂತಿನ ಪಕ್ಕ ತೂತು, ತೂತಿನ ನಡುವೆ ತೂತು,
ರವೆ ಜರಡಿಯ ಹಾಗೆ.
ಮರುದಿನ ಕಾಯಿಲಿನ ಮೇಲಿಟ್ಟರೆ
ಬುಡ ತೊಂಬತ್ತಾರು.
ತುದಿ ಮುಟ್ಟಿ ನೋಡಿದೆ. ಬೆಚ್ಚಗೂ ಇಲ್ಲ.
ಬೆಂಕಿಯ ಸುದ್ದಿಯೇ ಅಲ್ಲಿಯವರೆಗೆ ತಲುಪಿರಲಿಲ್ಲ.
ಗಾಳಿ ಮಾತ್ರ ಬಂದು, ಯಾರನ್ನೂ ಕಾಣದೆ,
ಹಾಗೇ ಹೊರಟು ಹೋಗಿತ್ತು.

"ಇದನ್ನೂ ಬರೀತೀಯಾ?"
"ಇದನ್ನೇ ಮೊದಲು ಬರೀತೀನಿ" ಅಂದಳು,
ನೀಲಿ ಪೆನ್ನಿನಲ್ಲಿ ಕೆಳಗೆ ಗೆರೆ ಎಳೆದು.
ನಾಲ್ಕುನೂರರಲ್ಲಿ ನೂರು ವಾಪಸು ಕೊಟ್ಟೆ.
ಬಿಟ್ಟು ಮುರಿದದ್ದು ನನ್ನ ಆಸೆಯಿಂದ.

ಶೆಡ್ಡಿನ ಹಿಂಭಾಗದ ತಗಡಿನ ಕೋಣೆಯಲ್ಲಿ
ನನ್ನವಳು ಸುಂಕಮ್ಮ
ಪ್ಯಾಂಟಿಗೆ ಬೆಲ್ಟಿನ ಕುಣಿಕೆ ಹೊಲೀತಾಳೆ.
ದಿನಕ್ಕೆ ನೂರೈವತ್ತು ಪ್ಯಾಂಟು, ಒಂದೂ ಕಿಟಕಿ ಇಲ್ಲ.
ಹದಿನಾರು ವರ್ಷದಿಂದ ಇಲ್ಲ.
ಭಾನುವಾರ ಡ್ರಿಲ್ಲು ಹಿಡಿದು ಹೋದೆ.
ಮೂಡಲ ತಗಡಿನಲ್ಲಿ ಕಾಲಮಟ್ಟಕ್ಕೆ ಒಂದು ಸಾಲು,
ಸೂರಿನ ಕೆಳಗೆ ಒಂದು ಸಾಲು.

"ಮಳೆ ಬಂದ್ರೆ?" ಅಂದಳು.
ಇಬ್ಬರೂ ಒಮ್ಮೆ ಮೇಲೆ ನೋಡಿ ನಕ್ಕೆವು.
ಮೂರನೇ ಸಾಲಿಗೆ ಚಾಕಪೀಸಿನ ಗುರುತು ಹಾಕುವಾಗ
ಮಿಷನ್ ನಿಲ್ಲಿಸಿ, ಎದ್ದು ಬಂದು,
ಡ್ರಿಲ್ಲಿನ ವೈರು ಕಿತ್ತಳು:
"ಸಾಕು. ಗ್ವಾಡಿನೂ ಇರ್ಲಿ."

ಈಗ ಬೆಳಿಗ್ಗೆ ಅವಳ ಮುಂದಿನ ನೀಲಿ ಬಟ್ಟೆಯ ಮೇಲೆ
ಬೆಳಕಿನ ಕಾಸುಗಳು ಸಾಲಾಗಿ ಬೀಳುತ್ತವೆ,
ಪಾದದ ಬಳಿ ಗಾಳಿ ಸುಳಿಯುತ್ತದೆ.
ಮೇಲಿನ ಸಾಲಿನ ಎರಡು ತೂತಿಗೆ ಮಾತ್ರ
ಜೀನ್ಸಿನ ಚಿಂದಿ ತುರುಕಿದ್ದಾಳೆ,
ಸೂಜಿ ಹೊಳೆದು ಕಣ್ಣಿಗೆ ಹೊಡೀತದೆ ಅಂತ.